ಪರದೇಶದ ಹೈಸ್ಕೂಲಿಗೆ ಮಕ್ಕಳನ್ನು ಕಳುಹಿಸಲು ತಕ್ಕ ಕಾಲ

ವಿದ್ಯಾರ್ಜನೆಗಾಗಿ ಮನೆಯನ್ನು ಬಿಟ್ಟು ಹೋಗುವುದು ನಮ್ಮ ದೇಶಕ್ಕೆ ಹೊಸತಲ್ಲ. ಧರ್ಮಶಾಸ್ತ್ರಕಾರರು ಬ್ರಾಹ್ಮಣವಟುವಿಗೆ ಗರ್ಭಾದಿ ಎಂಟನೆಯ ವರ್ಷದಲ್ಲಿ ಉಪನಯನವನ್ನೂ ಅನಂತರ ಗುರುಕುಲವಾಸವನ್ನೂ ವಿಧಿಸಿದ್ದರು. ಆದರೆ ಅವರು ಹೋಗುವ ಕಾಲವನ್ನು ಹೇಳಿ ಸುಮ್ಮನಾಗಲಿಲ್ಲ. ಹಿಂದಿರುಗಿ ಬರುವುದಕ್ಕೂ ಸಮಾವರ್ತನವೆಂಬ ಸಂಸ್ಕಾರವನ್ನು ಏರ್ಪಡಿಸಿದರು. ಈಗಿನ ತಾಯ್ತಂದೆಗಳು ಹೋಗುವ ದಿನವನ್ನು ಬಹಳವಾಗಿ ವಿಚಾರಿಸುತ್ತಾರೆ. ಬರುವ ದಾರಿಯನ್ನು ವಿಚಾರಿಸುವವರು ವಿರಳ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯು ಏಳುವುದಕ್ಕೆ ಕಾರಣವಿಲ್ಲದೆ ಇಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. ಕಾಗದದ ಕಾರ್ಖಾನೆಯ ಸಂಸ್ಥೆಯು 1936ರಲ್ಲಿ ಸ್ಥಾಪಿತವಾಯಿತು. ತಂದೆಯು ದುಡಿಯುವ ಸ್ಥಳದಲ್ಲಿಯೇ ಮಗನಿಗೂ ಕೆಲಸ ದೊರೆಯುವುದೆಂಬ ಭರವಸೆಯಿಂದ ಎಷ್ಟೋ ಮನೆಗಳು ನೆಮ್ಮದಿಯಾಗಿದ್ದುವು. ಕಾಗದದ ಕಾರ್ಖಾನೆಯು 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಇತ್ತ ಶಿವಮೊಗ್ಗೆಯ ಬಳಿ ಸೋಗಾನೆಯಲ್ಲಿ 2023ರಲ್ಲಿ ವಿಮಾನನಿಲ್ದಾಣವಾಯಿತು. ಹತ್ತಿರದ ಬಾಗಿಲು ಮುಚ್ಚಿ ದೂರದ ಬಾಗಿಲು ತೆರೆದಂತೆ ಕಂಡಾಗ ಗೃಹಸ್ಥರ ದೃಷ್ಟಿಯು ದೂರಕ್ಕೆ ಹರಿದರೆ ಆಶ್ಚರ್ಯವೇನು?

ಭದ್ರಾವತಿಯ ಗೃಹಸ್ಥರೊಬ್ಬರು ಪತ್ನೀಪುತ್ರಿಯರೊಡನೆ ನಮ್ಮಲ್ಲಿಗೆ ಬಂದಿದ್ದರು. ಅಮೆರಿಕೆಯಲ್ಲಿರುವ ಅವರ ಭಾವಮೈದುನರು, "ಹುಡುಗಿಯನ್ನು ನಮ್ಮಲ್ಲಿಗೆ ಕಳುಹಿಸಿಬಿಡಿ, ಇಲ್ಲಿಯ ಸರಕಾರೀ ಹೈಸ್ಕೂಲಿಗೆ ಫೀಜೇ ಇಲ್ಲ" ಎಂದು ತಿಳಿಸಿದ್ದರಂತೆ. ಹುಡುಗಿಗೆ ಹದಿನಾಲ್ಕು ವರ್ಷ. ಎಂಟನೆಯ ತರಗತಿ ಮುಗಿದಿತ್ತು. "ಮೇಷ್ಟ್ರೇ, ಈಗಲೇ ಕಳುಹಿಸುವುದೋ, ಸ್ವಲ್ಪ ಕಾಯುವುದೋ? ನೀವೇ ಹೇಳಬೇಕು" ಎಂದರು ತಂದೆ. ತಾಯಿ ಮಾತನಾಡಲಿಲ್ಲ. ಹುಡುಗಿಯು ಬಾಗಿಲ ಬಳಿ ನಿಂತಿದ್ದಳು; ಅವಳನ್ನು ಯಾರೂ ಕೇಳಿರಲಿಲ್ಲ.

ಇಂತಹ ಸಂದರ್ಭದಲ್ಲಿ ಮೊದಲು ತಿಳಿಯಬೇಕಾದುದು ಆಯಾ ದೇಶದ ಕಟ್ಟಳೆ. ತಾಯ್ತಂದೆಗಳನ್ನು ಬಿಟ್ಟು ವಿದ್ಯಾರ್ಥಿಯ ವೀಸಾದ ಮೇಲೆ ಅಮೆರಿಕೆಗೆ ಹೋಗುವ ಬಾಲಕರು ಅಲ್ಲಿನ ಸರಕಾರೀ ಹೈಸ್ಕೂಲಿನಲ್ಲಿ ಒಟ್ಟು ಹನ್ನೆರಡು ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ. ಆ ಅವಧಿಯ ಪೂರ್ಣ ವೆಚ್ಚವನ್ನೂ ಮುಂಗಡವಾಗಿ ತೆರಬೇಕು. ಮುಂದಕ್ಕೆ ಖಾಸಗೀ ಶಾಲೆಯೇ ಗತಿ. ಇಂಗ್ಲೆಂಡಿನಲ್ಲಿಯೂ ಬಾಲವಿದ್ಯಾರ್ಥಿಯ ವೀಸಾವು ಫೀಜು ತೆಗೆದುಕೊಳ್ಳುವ ಸ್ವತಂತ್ರ ಶಾಲೆಗಳಿಗೆ ಮಾತ್ರ ಸಲ್ಲುತ್ತದೆ. 2025ನೆಯ ಜನವರಿಯಿಂದ ಆ ಫೀಜಿನ ಮೇಲೆ ನೂರಕ್ಕೆ ಇಪ್ಪತ್ತರಂತೆ ತೆರಿಗೆಯೂ ಸೇರಿದೆ. ಆದಕಾರಣ ಬಂಧುಗಳ ಔದಾರ್ಯವು ಊಟ ವಸತಿಗಳಿಗೆ ಒದಗೀತೇ ಹೊರತು ಶಾಲೆಯ ವೆಚ್ಚವನ್ನು ತಪ್ಪಿಸಲಾರದು.

ಎರಡನೆಯದು ಹಿಂದಿರುಗುವ ದಾರಿ. ಕರ್ಣಾಟಕದ ವೃತ್ತಿಶಿಕ್ಷಣದ ಸರಕಾರೀ ಸ್ಥಾನಗಳಿಗೆ ಅರ್ಹತೆಯ ಮುಖ್ಯ ನಿಯಮವಿದು: ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿ, ಎಸ್.ಎಸ್.ಎಲ್.ಸಿ.ಯನ್ನಾಗಲಿ ದ್ವಿತೀಯ ಪಿ.ಯು.ಸಿ.ಯನ್ನಾಗಲಿ ಇಲ್ಲಿಯೇ ತೇರ್ಗಡೆಯಾಗಿರಬೇಕು. ಎಂಟನೆಯ ತರಗತಿ ಮುಗಿಸಿ ಹೊರಟ ಮಗುವಿಗೆ ಏಳು ವರ್ಷಗಳೇನೋ ತುಂಬಿರುತ್ತವೆ, ಪರೀಕ್ಷೆಯೊಂದೂ ಇರುವುದಿಲ್ಲ. ಎರಡೇ ವರ್ಷ ಕಾದರೆ ಈ ಬಾಗಿಲು ತೆರೆದೇ ಇರುತ್ತದೆ! ಪರದೇಶದ ಪ್ರಮಾಣಪತ್ರವನ್ನು ತಂದವರು ದೆಹಲಿಯ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದಿಂದ ಸಮಾನತೆಯ ಪತ್ರವನ್ನು ಪಡೆಯಬೇಕಾಗುವುದೂ ಉಂಟು. ಹೊರಡುವ ಮುನ್ನ ಆ ವರ್ಷದ ನಿಯಮಪುಸ್ತಕವನ್ನು ಓದಿ ನೋಡುವುದು ವಿವೇಕ.

ಮೂರನೆಯದೂ ಗುರುತರವಾದುದೂ ವಯಸ್ಸು. ಶ್ರೀ ಅರವಿಂದರನ್ನು ಅವರ ತಂದೆ 1879ರಲ್ಲಿ, ಏಳನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಬಿಟ್ಟುಬಂದರು. ಭಾರತೀಯರ ಸೋಂಕು ತಗುಲದಂತೆ ಬೆಳೆಸಬೇಕೆಂದು ಅವರ ಅಪೇಕ್ಷೆ. 1893ರಲ್ಲಿ ಬರೋಡೆಗೆ ಬಂದ ಆ ಮಹಾವಿದ್ವಾಂಸರು ತಮ್ಮ ಮಾತೃಭಾಷೆಯಾದ ಬಂಗಾಳಿಯನ್ನು ಉಪಾಧ್ಯಾಯರನ್ನಿಟ್ಟುಕೊಂಡು ಕಲಿಯಬೇಕಾಯಿತು. ಇದಕ್ಕೆದುರಾಗಿ ನಮ್ಮ ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿಯವರನ್ನು ನೋಡಿರಿ. 1932ರಲ್ಲಿ ಹುಟ್ಟಿದ ಅವರು ಮೂವತ್ತು ದಾಟಿದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಸಂಶೋಧನೆಗೆ ಹೋದರು. ಅಲ್ಲಿದ್ದುಕೊಂಡೇ ಮಲೆನಾಡಿನ ಅಗ್ರಹಾರವೊಂದರ ಕಥೆಯಾದ 'ಸಂಸ್ಕಾರ'ವನ್ನು ಕನ್ನಡದಲ್ಲಿ ಬರೆದರು. ಮಹಾಪುರುಷರ ಅಳತೆಯು ಎಲ್ಲರಿಗೂ ಸಲ್ಲದೆಂಬುದು ನಿಜ. ಆದರೂ ಬೇರೂರಿದ ಸಸಿಯನ್ನು ಕಿತ್ತು ನೆಡುವುದಕ್ಕೂ ಮೊಳಕೆಯನ್ನೇ ಕೀಳುವುದಕ್ಕೂ ಭೇದವಿದೆಯೆಂಬುದನ್ನು ಅಡಕೆಯ ತೋಟದವರಿಗೆ ನಾವು ಹೇಳಬೇಕೆ?

ಆದಕಾರಣ ನಮ್ಮ ಅಭಿಪ್ರಾಯವಿಷ್ಟು: ತಾಯ್ತಂದೆಗಳೇ ಪರದೇಶದಲ್ಲಿ ನೆಲಸುವುದಾದರೆ ಮಕ್ಕಳು ಯಾವ ವಯಸ್ಸಿನಲ್ಲಿಯಾದರೂ ಜೊತೆಗೆ ಹೋಗಲಿ. ಮಗುವೊಂದೇ ಹೋಗುವುದಾದರೆ ಎಸ್.ಎಸ್.ಎಲ್.ಸಿ. ಮುಗಿಯುವ ಮೊದಲು ಬೇಡ, ಪಿ.ಯು.ಸಿ. ಮುಗಿದ ಮೇಲಾದರೆ ಮತ್ತೂ ಲೇಸು. ಅದಕ್ಕೆ ಮುನ್ನ ಸಮೀಪದಲ್ಲಿಯೇ ಪರೀಕ್ಷಿಸಿ ನೋಡಬಹುದು. ಗಾಜನೂರಿನ ನವೋದಯ ವಿದ್ಯಾಲಯದಲ್ಲಿ ಆರನೆಯ ತರಗತಿಯಿಂದಲೇ ಮಕ್ಕಳು ಮನೆ ಬಿಟ್ಟಿರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಕೆಲವರನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯಕ್ಕೆ ಕಳುಹಿಸುವ ಪದ್ಧತಿಯೂ ಆ ವಿದ್ಯಾಲಯಗಳಲ್ಲಿದೆ. ಅಂತಹ ಅವಕಾಶವಿಲ್ಲದವರು ರಜೆಯಲ್ಲಿ ಒಂದು ತಿಂಗಳು ಬಂಧುಗಳ ಮನೆಯಲ್ಲಿರಿಸಿ ನೋಡಲಿ. ಜ್ವರ ಬಂದಾಗ ಬಾಯಿಬಿಟ್ಟು ಹೇಳುವುದೇ? ಕೊಟ್ಟ ಹಣಕ್ಕೆ ಲೆಕ್ಕವಿಡುವುದೇ? ದುಃಖವನ್ನು ಕನ್ನಡದಲ್ಲಿ ಒಂದು ಪುಟ ಬರೆದು ತಿಳಿಸಬಲ್ಲುದೇ? ಈ ಮೂರೂ ಬಂದರೆ ಅರ್ಧ ಸಿದ್ಧತೆಯಾಯಿತು.

ಉಳಿದರ್ಧವು ಹಿರಿಯರದು. ತೋಟವನ್ನಾಗಲಿ ಮನೆಯನ್ನಾಗಲಿ ಒತ್ತೆಯಿಟ್ಟು ಕಳುಹಿಸಿದ ಮಗು, ತನಗೆ ಅಲ್ಲಿ ಒಗ್ಗದಿದ್ದರೂ ಆ ಋಣಕ್ಕೆ ಅಂಜಿ ಬಾಯಿಬಿಡಲಾರದು. ಹೋಗುವ ಖರ್ಚನ್ನು ಲೆಕ್ಕ ಹಾಕುವಾಗಲೇ ನಡುವೆ ಮರಳಿ ಬರುವ ಖರ್ಚನ್ನೂ ಪ್ರತ್ಯೇಕವಾಗಿ ತೆಗೆದಿರಿಸಿ, ಅದನ್ನು ಮಗುವಿಗೆ ತಿಳಿಸಿಡತಕ್ಕದ್ದು. "ಬಂದರೆ ಅವಮಾನವಿಲ್ಲ" ಎಂಬ ಮಾತನ್ನು ತಂದೆಯೇ ಬಾಯಾರೆ ಹೇಳಲಿ. ಎಲ್ಲಕ್ಕಿಂತ ಮೊದಲು, ಬಾಗಿಲ ಬಳಿ ನಿಂತ ಮಕ್ಕಳನ್ನು ಒಳಗೆ ಕರೆದು ಕೂರಿಸಿ, ಅವರ ಇಷ್ಟವೇನೆಂದು ಕೇಳತಕ್ಕದ್ದು. ಉತ್ತರ ಬರಲು ನಾಲ್ಕು ದಿನ ಹಿಡಿದರೆ ಕಾಯುವುದು ಹಿರಿಯರ ಧರ್ಮ. ಹೋಗಲಿರುವವರು ಅವರೇ ಅಲ್ಲವೆ?