ಲೀಶ್ ಹಾಕಿದರೆ ಮಾತ್ರ ಹುಲಿ!

ಮನೆಯಲ್ಲಿ ಸೋಫಾ ಮೇಲೆ ಬೆಕ್ಕಿನಂತೆ ಮಲಗುವ ಚಿವಾವಾ, ಲೀಶ್ ಹಾಕಿ ಹೊರಗೆ ಕರೆದೊಯ್ದರೆ ಎದುರು ಬಂದ ಲ್ಯಾಬ್ರಡಾರ್ ಮೇಲೆ ಹಾರುವುದೇಕೆ? ಬಹಳ ಸಲ ಇದು ಪೌರುಷವಲ್ಲ, ಹೆದರಿಕೆ. ಓಡಿಹೋಗಲು ಲೀಶ್ ಬಿಡುವುದಿಲ್ಲ, ಹಾಗಾಗಿ ಬೊಗಳುತ್ತದೆ. ದೊಡ್ಡ ನಾಯಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ತಾನು ಬೊಗಳಿದ್ದರಿಂದಲೇ ಹೋಯಿತೆಂದು ನಮ್ಮ ಪುಟಾಣಿ ತಿಳಿಯುತ್ತದೆ!

ಚಿಕ್ಕ ನಾಯಿ ತಾನೇ ಎಂದು ನಗಬೇಡಿ. ದೊಡ್ಡದು ತಿರುಗಿ ಬಿದ್ದರೆ ಒಂದೇ ಕಡಿತಕ್ಕೆ ಜೀವ ಹೋದೀತು. ಊರಿನಿಂದ ಬಂದ ಅಜ್ಜನ ಕೈಯಲ್ಲಿ ಲೀಶ್ ಇದ್ದರೆ ಅವರೂ ಮುಗ್ಗರಿಸಿಯಾರು.

ಇದಕ್ಕೆ ಮದ್ದು ಅಂತರ. ಡಲ್ಲಾಸ್‌ನ ವೈಟ್ ರಾಕ್ ಲೇಕ್, ಆಸ್ಟಿನ್‌ನ ಲೇಡಿ ಬರ್ಡ್ ಲೇಕ್ ಸುತ್ತಲಿನ ಜನನಿಬಿಡ ದಾರಿಗಳು ಮೊದಲ ಪಾಠಕ್ಕಲ್ಲ. ಹ್ಯೂಸ್ಟನ್‌ನ ಬಫಲೋ ಬಯೂ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ. ಅಂಥ ಕಡೆ ಬೇಲಿಯ ಹೊರಗೆ, ನಿಮ್ಮ ನಾಯಿ ಬೊಗಳದಷ್ಟು ದೂರ ನಿಲ್ಲಿ. ಅದು ಇನ್ನೊಂದು ನಾಯಿಯನ್ನು ನೋಡಿದೊಡನೆ ಬೇಯಿಸಿದ ಕೋಳಿಯ ಚೂರು ಕೊಡಿ. ಸಸ್ಯಾಹಾರಿಗಳ ಮನೆಯಲ್ಲಿ ಚೀಸ್ ಸಾಕು. ಮೊದಲು ನೋಟ, ಆಮೇಲೆ ತಿಂಡಿ. ಈ ಕ್ರಮ ತಪ್ಪಿದರೆ ಪ್ರೋಗ್ರಾಮ್ ಓಡುವುದಿಲ್ಲ! ಕೆಲವು ವಾರಗಳಲ್ಲಿ ಅದು ನಾಯಿ ಕಂಡೊಡನೆ ನಿಮ್ಮ ಮುಖ ನೋಡತೊಡಗುತ್ತದೆ. ಆಗ ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಬೊಗಳಿತೇ? ಗದರಿಸದೆ ತಿರುಗಿ ನಡೆಯಿರಿ.

ಕುತ್ತಿಗೆಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಮೇಲು, ಚಿಕ್ಕ ನಾಯಿಗಳ ಶ್ವಾಸನಾಳ ಸೂಕ್ಷ್ಮ. ಶಾಕ್ ಕಾಲರ್ ಬೇಡವೇ ಬೇಡ. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2021ರಲ್ಲಿ ಇದನ್ನೇ ಹೇಳಿದೆ. ಸಿಟ್ಟು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಎಲ್ಲೋ ನೋವಿರಬಹುದು, ಮೊದಲು ಡಾಕ್ಟರಿಗೆ ತೋರಿಸಿ.

ಇನ್ನು, "ನಮ್ಮ ನಾಯಿ ಬಹಳ ಫ್ರೆಂಡ್ಲಿ" ಎನ್ನುತ್ತ ಯಾರಾದರೂ ಹತ್ತಿರ ಬಂದರೆ, "ನಮ್ಮದು ಇನ್ನೂ ಕಲಿಯುತ್ತಿದೆ" ಎಂದು ನಕ್ಕು ರಸ್ತೆ ದಾಟಿಬಿಡಿ.