ನಡುವೆ ಬಿದ್ದ ಚೆಂಡು ಯಾರದು?

ಒಂದೇ ಕೈಯಿಂದ ಚಪ್ಪಾಳೆಯಾಗದೆಂಬುದು ನಮ್ಮ ಹಿರಿಯರ ಮಾತು. ಈ ಮಾತಿಗೆ ಕ್ರೀಡಾಲೋಕದಲ್ಲಿ ಸಾಕ್ಷಿ ಹುಡುಕುವುದಾದರೆ ಟೆನಿಸ್ಸಿನ ಡಬಲ್ಸ್ ಆಟಕ್ಕಿಂತ ಮಿಗಿಲಾದುದು ಸಿಗಲಾರದು. ವಿಂಬಲ್ಡನ್ನಿನಂತಹ ಮಹಾಕೂಟಗಳ ಡಬಲ್ಸ್ ಅನೇಕರಿಗೆ ಪರಿಚಿತ. ಆದರೆ ಇಲ್ಲಿ ನಾವು ಹೇಳಹೊರಟಿರುವುದು ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುವ, ಚಾಲೆಂಜರ್ ದರ್ಜೆಯ ಕೂಟಗಳ ಡಬಲ್ಸ್ ಕುರಿತು.

ಪುರುಷರ ವೃತ್ತಿಪರ ಟೆನಿಸ್ಸಿನಲ್ಲಿ ಚಾಲೆಂಜರ್ ಕೂಟಗಳು 1978ರಲ್ಲಿ ಆರಂಭವಾದವು. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೇರಲು ಹವಣಿಸುವ ತರುಣರೂ ಮೇಲಿನಿಂದ ಜಾರಿ ಬಂದ ಹಿರಿಯರೂ ಭೇಟಿಯಾಗುವ ನಡುಮನೆ ಇದು. ನಮ್ಮ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿಯೂ ಇಂತಹ ಕೂಟ ನಡೆದುಬಂದಿದೆ. ಸಾಮಾನ್ಯವಾಗಿ ಡಬಲ್ಸ್‌ನಲ್ಲಿ 16 ಜೋಡಿಗಳು ಕಣಕ್ಕಿಳಿಯುತ್ತವೆ. ನಾಲ್ಕು ಪಂದ್ಯ ಗೆದ್ದ ಜೋಡಿಗೆ ಪ್ರಶಸ್ತಿ. '125' ದರ್ಜೆಯ ಕೂಟವಾದರೆ ಗೆದ್ದ ಇಬ್ಬರಿಗೂ ತಲಾ 125 ರ್‍ಯಾಂಕಿಂಗ್ ಅಂಕಗಳು ದೊರೆಯುತ್ತವೆ. ಗ್ರ್ಯಾನ್‌ಸ್ಲಾಮ್ ಡಬಲ್ಸ್ ಗೆದ್ದವರಿಗಾದರೋ 2,000 ಅಂಕ. ಅಂದರೆ ಇಂತಹ 16 ಕೂಟಗಳನ್ನು ಗೆದ್ದರೆ ಒಂದು ಮಹಾಕೂಟಕ್ಕೆ ಸಮ! ಬಹುಮಾನದ ಹಣವೂ ಅಷ್ಟಕ್ಕಷ್ಟೆ. ಸಿಂಗಲ್ಸ್ ವಿಜೇತನೊಬ್ಬನಿಗೆ ಸಲ್ಲುವುದಕ್ಕಿಂತ ಬಹಳ ಕಡಿಮೆ ಮೊತ್ತವನ್ನು ಇಲ್ಲಿ ಇಬ್ಬರು ಹಂಚಿಕೊಳ್ಳಬೇಕು. ವಿಮಾನದ ಖರ್ಚು, ತರಬೇತುದಾರನ ಸಂಬಳ ಎಲ್ಲವೂ ಅದರಲ್ಲಿಯೇ ಹೊರಡಬೇಕು.

ಈ ಆಟಗಾರರ ಇನ್ನೊಂದು ಕಷ್ಟವೆಂದರೆ ಜೊತೆಗಾರನನ್ನು ಹುಡುಕುವುದು. ರ್‍ಯಾಂಕಿಂಗ್ ಎಂಬುದು ಜೋಡಿಯ ಆಸ್ತಿಯಲ್ಲ. ಪ್ರತಿಯೊಬ್ಬನೂ ತನ್ನ ಅಂಕಗಳನ್ನು ತಾನೇ ಹೊತ್ತು ತಿರುಗುತ್ತಾನೆ. ಇಬ್ಬರ ಸ್ಥಾನಗಳನ್ನು ಕೂಡಿಸಿದಾಗ ಬರುವ ಸಂಖ್ಯೆ ಸಾಕಷ್ಟು ಚಿಕ್ಕದಿದ್ದರೆ ಮಾತ್ರ ಕೂಟಕ್ಕೆ ಪ್ರವೇಶ. ಹೀಗಾಗಿ ಈ ವಾರ ಒಬ್ಬನೊಡನೆ, ಮುಂದಿನ ವಾರ ಬೇರೊಂದು ದೇಶದಲ್ಲಿ ಬೇರೊಬ್ಬನೊಡನೆ ಆಡುವುದು ಇಲ್ಲಿ ಸಾಮಾನ್ಯ. ಕಳೆದ ವಾರ ಬಲೆಯ ಆಚೆ ಬದಿಯಲ್ಲಿ ಎದುರಾಳಿಯಾಗಿದ್ದವನು ಈ ವಾರ ನಮ್ಮ ಪಕ್ಕದಲ್ಲಿ ನಿಂತಿರುತ್ತಾನೆ.

ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಸ್ನೇಹವನ್ನು ಪ್ರಯೋಜನಕ್ಕಾಗಿ ಮಾಡುವುದು, ಸುಖಕ್ಕಾಗಿ ಮಾಡುವುದು, ಸದ್ಗುಣದ ಮೇಲೆ ನಿಂತಿರುವುದು ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಡಬಲ್ಸ್ ಜೋಡಿಯದು ನಿಸ್ಸಂದೇಹವಾಗಿ ಮೊದಲನೆಯ ಬಗೆಯ ಸ್ನೇಹ. ಆದರೆ ಅಂಕಣಕ್ಕೆ ಇಳಿದೊಡನೆ ಅದು ಮೂರನೆಯದರ ಗುಣಗಳನ್ನು ಬೇಡತೊಡಗುತ್ತದೆ. ಹೇಗೆಂದು ನೋಡೋಣ.

ಸಿಂಗಲ್ಸ್ ಅಂಕಣದ ಅಗಲ 27 ಅಡಿ. ಡಬಲ್ಸ್ ಅಂಕಣದ್ದು 36 ಅಡಿ. ಆಟಗಾರರು ಇಮ್ಮಡಿಯಾದರೂ ಅಂಕಣ ಹೆಚ್ಚಾಗುವುದು ಮೂರನೆಯ ಒಂದು ಪಾಲು ಮಾತ್ರ. ಹೀಗಾಗಿ ಒಬ್ಬೊಬ್ಬನಿಗೆ ಕಾಯಬೇಕಾದ ನೆಲ ಕಡಿಮೆ. ಆದರೂ ಪಾಯಿಂಟುಗಳು ಸೋರಿಹೋಗುವುದು ಬಹಳ ಸಲ ಮೂಲೆಗಳಲ್ಲಲ್ಲ, ಇಬ್ಬರ ನಡುವಿನ ಜಾಗದಲ್ಲಿ. 'ಅವನು ಹೊಡೆಯುತ್ತಾನೆ' ಎಂದು ಇವನೂ, 'ಇವನು ಹೊಡೆಯುತ್ತಾನೆ' ಎಂದು ಅವನೂ ಸುಮ್ಮನಿದ್ದರೆ ಚೆಂಡು ನಡುವೆ ಹಾದುಹೋಗುತ್ತದೆ. ಇದನ್ನು ತಪ್ಪಿಸಲೆಂದೇ ಬಲೆಯ ಬಳಿ ನಿಂತವನು ಬೆನ್ನ ಹಿಂದೆ ಕೈಸನ್ನೆ ಮಾಡಿ, ತಾನು ಅಡ್ಡ ನುಗ್ಗುವೆನೋ ಇದ್ದಲ್ಲಿಯೇ ನಿಲ್ಲುವೆನೋ ಎಂಬುದನ್ನು ಸರ್ವ್ ಮಾಡುವವನಿಗೆ ಮುಂದಾಗಿಯೇ ತಿಳಿಸುತ್ತಾನೆ. ಗೇಮ್ 40-40 ಆದಾಗ ಇಂತಹ ಕೂಟಗಳಲ್ಲಿ ಒಂದೇ ಪಾಯಿಂಟಿನಿಂದ ತೀರ್ಮಾನ. ಆ ಸರ್ವನ್ನು ಎದುರಿಸುವವರು ಯಾರೆಂಬುದನ್ನು ಎದುರು ಜೋಡಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಸೆಟ್‌ಗಳು ಸಮವಾದರೆ ಮೂರನೆಯ ಸೆಟ್ ಇಲ್ಲ, 10 ಪಾಯಿಂಟುಗಳ ಟೈಬ್ರೇಕ್ ಮಾತ್ರ. ತಪ್ಪು ಯಾರದೆಂದು ವಾದಿಸಲು ಸಮಯವೇ ಇಲ್ಲ. ಸಂಸಾರದಲ್ಲಿಯೂ ಅನೇಕ ಮನೆಗಳು ಸೋಲುವುದು ಹೊರಗಿನ ಹೊಡೆತಕ್ಕಲ್ಲ, ನಡುವೆ ಬಿದ್ದ ಚೆಂಡಿಗೆ ಎಂಬುದನ್ನು ನಮ್ಮ ಓದುಗರು ಬಲ್ಲರು.

ಇನ್ನು ಒಂದು ನಿದರ್ಶನ. 2020ರ ಫೆಬ್ರವರಿ 15, ಶನಿವಾರ. ಕಬ್ಬನ್ ಉದ್ಯಾನದಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ಡಬಲ್ಸ್‌ನ ಅಂತಿಮ ಪಂದ್ಯ. ಒಂದು ಕಡೆ 46 ವರ್ಷದ ಲಿಯಾಂಡರ್ ಪೇಸ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಂಚು, ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಸೇರಿ 18 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳು. ಅವರ ಜೊತೆಗಾರ ಆಸ್ಟ್ರೇಲಿಯದ 32 ವರ್ಷದ ಮ್ಯಾಥ್ಯೂ ಎಬ್ಡನ್. 2018ರಲ್ಲಿ ಸಿಂಗಲ್ಸ್‌ನಲ್ಲಿ 39ನೇ ಸ್ಥಾನದವರೆಗೆ ಏರಿ ಆಮೇಲೆ ಕೆಳಗಿಳಿದವರು. ಎದುರಿಗೆ ಪೂರವ್ ರಾಜಾ ಮತ್ತು ರಾಮಕುಮಾರ್ ರಾಮನಾಥನ್. ತಾಯ್ನಾಡಿನ ನೆಲದಲ್ಲಿ ಇದು ಪೇಸರ ಕಡೆಯ ಕೂಟ. ಜನರ ಹಾರೈಕೆಯೆಲ್ಲ ಅವರ ಪರವಾಗಿತ್ತು. ಫಲಿತಾಂಶವಾದರೋ 6-0, 6-3ರಿಂದ ರಾಜಾ-ರಾಮಕುಮಾರ್ ಜೋಡಿಯ ಜಯ. ಹೆಸರಿಗೆ ಅಂಜದೆ ತಮ್ಮ ಆಟವನ್ನು ತಾವಾಡಿದ್ದೇ ಆ ಇಬ್ಬರು ಹಿರಿಯನಿಗೆ ಸಲ್ಲಿಸಿದ ನಿಜವಾದ ಗೌರವವೆಂದು ನಾವು ಭಾವಿಸುತ್ತೇವೆ.

ಮುಂದಿನ ತಿಂಗಳು ಪೇಸ್ ಕ್ರೊಯೇಷಿಯದ ಝಾಗ್ರೆಬಿನಲ್ಲಿ ಡೇವಿಸ್ ಕಪ್ ಪಂದ್ಯವನ್ನು ರೋಹನ್ ಬೋಪಣ್ಣನವರೊಡನೆ ಆಡಿ ಗೆದ್ದರು. ಆ ಬಳಿಕ ಕೊರೊನಾ ಪಿಡುಗು ಜಗತ್ತಿನ ಅಂಕಣಗಳನ್ನೆಲ್ಲ ಮುಚ್ಚಿಸಿತು. ಬೆಂಗಳೂರಿನಲ್ಲಿ ಒಂದು ಸೆಟ್ಟಿನಲ್ಲಿ ಒಂದು ಗೇಮನ್ನೂ ಗೆಲ್ಲಲಾಗದ ಎಬ್ಡನ್ ಆಟ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. 2022ರಲ್ಲಿ ಮ್ಯಾಕ್ಸ್ ಪರ್ಸೆಲ್ ಜೊತೆಯಾಗಿ ವಿಂಬಲ್ಡನ್ ಗೆದ್ದರು. ಈ ಪರ್ಸೆಲ್ ಕೂಡ 2018ರಲ್ಲಿ ಲ್ಯೂಕ್ ಸಾವಿಲ್ ಜೊತೆ ಇದೇ ಕಬ್ಬನ್ ಉದ್ಯಾನದಲ್ಲಿ ಡಬಲ್ಸ್ ಗೆದ್ದವರು! ಬಳಿಕ 2024ರ ಜನವರಿಯಲ್ಲಿ ಎಬ್ಡನ್ ನಮ್ಮ ಕೊಡಗಿನ ಬೋಪಣ್ಣನವರೊಡನೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಗ ಬೋಪಣ್ಣನವರಿಗೆ 43 ವರ್ಷ. ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯರೆಂಬ ಕೀರ್ತಿ ಅವರದಾಯಿತು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಬ್ಡನ್ ಜಾನ್ ಪಿಯರ್ಸ್ ಜೊತೆ ಚಿನ್ನ ಪಡೆದರು.

ಅಂದು ಗೆದ್ದ ರಾಮಕುಮಾರ್? ಅವರೂ 2022ರಲ್ಲಿ ಬೋಪಣ್ಣನವರೊಡನೆ ಅಡಿಲೇಡ್ ಮತ್ತು ಪುಣೆಯ ಕೂಟಗಳನ್ನು ಗೆದ್ದರು. ಆದರೆ ಅದಾದ ಮೇಲೂ ಚಾಲೆಂಜರ್ ಅಂಕಣಗಳಲ್ಲಿಯೇ ದುಡಿಮೆ ಮುಂದುವರಿಯಿತು. 2024ರಲ್ಲಿ ಸಾಕೇತ್ ಮೈನೇನಿಯವರೊಡನೆ ಮತ್ತೆ ಬೆಂಗಳೂರಿನಲ್ಲಿ ಪ್ರಶಸ್ತಿ ಪಡೆದರು. ಸೋತವನು ಶಿಖರ ಮುಟ್ಟಿದ, ಗೆದ್ದವನು ಅದೇ ಮೆಟ್ಟಿಲಿನಲ್ಲಿ ಬೆವರಿಳಿಸಿದ. ಇದರಲ್ಲಿ ನ್ಯಾಯವೆಲ್ಲಿ ಎಂದು ಕೇಳಬಹುದು. ನಾವು ಗಮನಿಸಬೇಕಾದುದು ಬೇರೆ: ಒಬ್ಬ ಜೊತೆಗಾರನೊಡನೆ ಕಲಿತದ್ದು ಮತ್ತೊಬ್ಬ ಜೊತೆಗಾರನಿಗೆ ಒದಗಿತು. ಈ ಆಟದಲ್ಲಿ ಪಟ್ಟ ಶ್ರಮದ ಫಲವು ಪಟ್ಟ ಸ್ಥಳದಲ್ಲಿಯೇ, ಪಟ್ಟವರಿಬ್ಬರಿಗೇ ದೊರೆಯಬೇಕೆಂಬ ನಿಯಮವಿಲ್ಲ. ಹೆಚ್ಚಿನವರಿಗೆ ಅದು ಎಂದೂ ದೊರೆಯುವುದಿಲ್ಲ. ಆದರೂ ಮುಂದಿನ ಸೋಮವಾರ ಅವರು ಮತ್ತೊಬ್ಬ ಜೊತೆಗಾರನಿಗೆ ಫೋನ್ ಮಾಡುತ್ತಾರೆ.

ಸಾಮಾನ್ಯವಾಗಿ ಡಬಲ್ಸ್ ಅಂತಿಮ ಪಂದ್ಯ ಸಿಂಗಲ್ಸ್‌ಗಿಂತ ಒಂದು ದಿನ ಮೊದಲೇ ನಡೆಯುತ್ತದೆ, ಜನಸಂದಣಿಯೂ ಕಡಿಮೆ. ಮುಂದಿನ ಬಾರಿ ಕಬ್ಬನ್ ಉದ್ಯಾನದಲ್ಲಿ ಕೂಟ ನಡೆದಾಗ ಮಕ್ಕಳನ್ನು ಆ ದಿನವೇ ಕರೆದುಕೊಂಡು ಹೋಗಿರಿ. ಚೆಂಡು ಇಬ್ಬರ ನಡುವೆ ಬಂದಾಗ ಯಾರು ಮುಂದಾಗುತ್ತಾರೆ, ತಪ್ಪಿದಾಗ ಇನ್ನೊಬ್ಬನು ಏನು ಮಾಡುತ್ತಾನೆ ಎಂಬುದನ್ನು ಅವರಿಗೆ ತೋರಿಸಿರಿ. ಒಳ್ಳೆಯ ಜೋಡಿಯಾದರೆ ಇಬ್ಬರೂ ಹತ್ತಿರ ಬಂದು ಅಂಗೈಗೆ ಅಂಗೈ ತಟ್ಟಿ, ಮುಂದಿನ ಸರ್ವಿಗೆ ಸಿದ್ಧರಾಗುತ್ತಾರೆ.