ಮುಟ್ಟಿಗೆ ಮುಂಚಿನ ವಾರ

ಹೆಂಗಸು ಹೊರಗಾದ ಮೂರು ದಿನಗಳಲ್ಲಿ ಅವಳು ಎಲ್ಲಿ ಕೂರಬೇಕು, ಏನನ್ನು ಮುಟ್ಟಬಾರದು, ನಾಲ್ಕನೆಯ ದಿನ ಎಷ್ಟು ಹೊತ್ತಿಗೆ ಮೀಯಬೇಕು ಎಂಬುದನ್ನೆಲ್ಲ ಕಟ್ಟುನಿಟ್ಟಾಗಿ ವಿಧಿಸಿದ ನಮ್ಮ ಮನೆತನಗಳ ಆಚಾರವು, ಅದಕ್ಕೆ ಹಿಂದಿನ ವಾರದಲ್ಲಿ ಅವಳ ದೇಹಮನಸ್ಸುಗಳು ಪಡುವ ಪಾಡನ್ನು ಗಮನಕ್ಕೆ ತಂದುಕೊಂಡಂತೆ ಕಾಣದು. ಎದೆಯ ಬಿಗುವು, ಹೊಟ್ಟೆಯ ಉಬ್ಬರ, ತಲೆಶೂಲೆ, ನಿದ್ರಾಭಂಗ, ನಿಷ್ಕಾರಣವಾಗಿ ಉಕ್ಕುವ ಅಳು, ಸೊಸೆಯದಾದರೆ ದುರಹಂಕಾರವೆಂದೂ ಅತ್ತೆಯದಾದರೆ ಅಧಿಕಾರವೆಂದೂ ಹೆಸರು ಪಡೆಯುವ ಸಿಡುಕು, ಇವೆಲ್ಲವೂ ಸ್ವಭಾವದೋಷದ ಖಾತೆಗೆ ಜಮೆಯಾದುವು.

ವೈದ್ಯಶಾಸ್ತ್ರವೂ ಇದನ್ನು ಬೇಗನೆ ಗುರುತಿಸಿತೆನ್ನಲಾಗದು. 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ ಎಂಬ ಸ್ತ್ರೀರೋಗತಜ್ಞರು 15 ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿ, ಸ್ತ್ರೀಹಾರ್ಮೋನಿನ ಆಧಿಕ್ಯವೇ ಈ ಬಾಧೆಗೆ ಮೂಲವೆಂದರು. ಗರ್ಭಿಣಿಯಾಗಿದ್ದಾಗ ತಮ್ಮ ಮಾಸಿಕ ತಲೆಶೂಲೆಯು ಮಾಯವಾದುದನ್ನು ಕಂಡಿದ್ದ ಇಂಗ್ಲೆಂಡಿನ ವೈದ್ಯೆ ಕ್ಯಾಥರೀನಾ ಡಾಲ್ಟನ್, 1953ರಲ್ಲಿ ರೇಮಂಡ್ ಗ್ರೀನರೊಡನೆ ಇದನ್ನೊಂದು ಲಕ್ಷಣಸಮೂಹವೆಂದು ನಿರೂಪಿಸಿ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಕೊರತೆಯತ್ತ ಬೆರಳು ತೋರಿದರು. ಹೆಚ್ಚಾಯಿತೆಂಬ ವಾದವೂ ಕಡಿಮೆಯಾಯಿತೆಂಬ ವಾದವೂ ನಿಲ್ಲಲಿಲ್ಲ. 1998ರಲ್ಲಿ ಅಮೆರಿಕದ ಸಂಶೋಧಕರಾದ ಷ್ಮಿಟ್, ರೂಬಿನೋ ಮೊದಲಾದವರು ಅಂಡಾಶಯದ ವ್ಯಾಪಾರವನ್ನು ಔಷಧದಿಂದ ಸ್ತಂಭಿಸಿ, ಬಳಿಕ ಸಹಜ ಪ್ರಮಾಣದ ಹಾರ್ಮೋನನ್ನೇ ಮರಳಿ ಕೊಟ್ಟಾಗ, ಈ ಬಾಧೆಯುಳ್ಳವರಲ್ಲಿ ಲಕ್ಷಣಗಳು ಮತ್ತೆ ತಲೆಯೆತ್ತಿದುವು. ಇಲ್ಲದವರಲ್ಲಿ ಏನೂ ಆಗಲಿಲ್ಲ. ಎಲ್ಲರ ರಕ್ತದಲ್ಲಿಯೂ ನಡೆಯುವ ಅದೇ ಏರಿಳಿತಕ್ಕೆ ಕೆಲವರ ಮಿದುಳು ಮಾತ್ರ ಮಿಡುಕುವುದೆಂಬುದು ಇದರಿಂದ ಸಿದ್ಧಪಟ್ಟಿತು.

ಆದುದರಿಂದಲೇ ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯುವಂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಋತುಚಕ್ರಗಳ ಕಾಲ ಆಯಾ ದಿನದ ಬಾಧೆಯನ್ನು ಆಯಾ ದಿನವೇ ಗುರುತಿಟ್ಟುಕೊಂಡು ಬಂದರೆ ಅದೇ ನಿಜವಾದ ಪರೀಕ್ಷೆ. ಏಕೆಂದರೆ ನೆನಪು ಇಂಥ ಲೆಕ್ಕಕ್ಕೆ ನಂಬತಕ್ಕ ಸಾಕ್ಷಿಯಲ್ಲ. ಅಂಡೋತ್ಸರ್ಗದ ಬಳಿಕ ಹುಟ್ಟಿ, ಮುಟ್ಟು ಬಂದ ಕೆಲವು ದಿನಗಳಲ್ಲಿ ಅಡಗಿ, ನಡುವೆ ನಿರಾಳವಾದೊಂದು ಅವಧಿಯನ್ನು ಬಿಡುವುದೇ ಇದರ ಮುದ್ರೆ. ತಿಂಗಳುದ್ದಕ್ಕೂ ಬಿಡದ ಮಂಕಿಗೆ ಖಿನ್ನತೆಯೋ ಥೈರಾಯ್ಡಿನ ದೋಷವೋ ಕಾರಣವಿರಬಹುದು.

ಬಹುಮಂದಿಗೆ ವ್ಯಾಯಾಮ, ನಿದ್ರೆ, ಉಪ್ಪಿನ ಹಿತಮಿತ ಇಷ್ಟೇ ಸಾಲುವುದು. ಆದರೆ ಬದುಕೇ ಬೇಡವೆನಿಸುವಷ್ಟು ಉಗ್ರವಾದ ರೂಪವೊಂದುಂಟು. 2013ರಲ್ಲಿ ಅಮೆರಿಕದ ಮನೋವೈದ್ಯರು ಅದನ್ನು ಪ್ರತ್ಯೇಕ ವ್ಯಾಧಿಯೆಂದು ತಮ್ಮ ಕೈಪಿಡಿಯ ಪಟ್ಟಿಯಲ್ಲಿ ಸೇರಿಸಿದರು. ಅಂಥವರು ವೈದ್ಯರನ್ನು ಕಾಣಲು ತಡಮಾಡಕೂಡದು. ಖಿನ್ನತೆಯಲ್ಲಿ ಗುಣ ತೋರಲು ವಾರಗಟ್ಟಲೆ ಹಿಡಿಯುವ ಮಾತ್ರೆಗಳೇ ಇಲ್ಲಿ ಕೆಲವು ದಿನಗಳಲ್ಲಿ ಫಲ ಕೊಡುವುದುಂಟಾದ್ದರಿಂದ, ವೈದ್ಯರು ಅವನ್ನು ಎಷ್ಟೋ ವೇಳೆ ಚಕ್ರದ ಉತ್ತರಾರ್ಧಕ್ಕೆ ಮಾತ್ರ ಬರೆದುಕೊಡುತ್ತಾರೆ.